ಇರುಳಿನ ಮೊಬೈಲು, ಕಣ್ಣು ಮತ್ತು ನಿದ್ದೆ

ಈಚಿನ ದಿನಗಳಲ್ಲಿ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಪತ್ರಿಕೆಯನ್ನು ಅರ್ಧಕ್ಕೆ ಮಡಿಸಿಟ್ಟು ಕಣ್ಣುಜ್ಜಿಕೊಳ್ಳುವುದು ಹೆಚ್ಚಾಗಿದೆ. ವಿಚಾರಿಸಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ: ಕಣ್ಣುರಿ, ತಲೆಭಾರ, ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ನಿದ್ದೆ ಏಕೆ ಇಲ್ಲವೆಂದು ಮತ್ತೆ ಕೇಳಿದರೆ ನಗುತ್ತಾರೆ. ಕಾರಣ ಅವರ ಅಂಗಿಯ ಕಿಸೆಯಲ್ಲಿಯೇ ಇರುತ್ತದೆ.

ಕಲಬುರ್ಗಿ, ಬೀದರ, ರಾಯಚೂರು, ಯಾದಗಿರಿ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಹೈದರಾಬಾದಿಗೆ ಬಂದು, ನಾಲ್ಕೈದು ಮಂದಿ ಸೇರಿ ಒಂದು ಖೋಲಿ ಹಿಡಿದು ಇರುವ ನಮ್ಮಂಥವರಿಗೆ ಮೊಬೈಲು ಬರಿಯ ಆಟದ ಸಾಮಾನಲ್ಲ. ಊರಿನಲ್ಲಿರುವ ತಾಯಿಯ ಮುಖ ಅದರಲ್ಲಿ ಕಾಣುತ್ತದೆ. ತೊಡೆಯ ಮೇಲೆ ಕೂರಬೇಕಾದ ಮಗು ಅಪ್ಪನನ್ನು ಅದರಲ್ಲಿಯೇ ಗುರುತು ಹಿಡಿಯುತ್ತದೆ. ಆದುದರಿಂದ "ಮೊಬೈಲು ಬಿಟ್ಟುಬಿಡಿರಿ" ಎಂದು ಬುದ್ಧಿ ಹೇಳುವುದು ಸುಲಭ. ನಡೆಸುವುದು ಆಗದ ಮಾತು. ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂಬುದನ್ನು ತಿಳಿದುಕೊಂಡರೆ ಸಾಕು. ನಾವು ವೈದ್ಯರಲ್ಲ, ಗಿರಣಿಯಲ್ಲಿ ಲೆಕ್ಕದ ಪುಸ್ತಕ ಬರೆಯುವವರು. ಬಲ್ಲವರು ಪ್ರಯೋಗ ಮಾಡಿ ಕಂಡುಕೊಂಡದ್ದನ್ನು ನಮ್ಮ ಮಾತಿನಲ್ಲಿ ಇಲ್ಲಿ ಒಪ್ಪಿಸುತ್ತಿದ್ದೇವೆ.

ಮೊದಲು ನಮ್ಮ ಊರಿನಲ್ಲಿಯೇ ನಡೆದ ಒಂದು ಸಂಗತಿ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಪೋಲೊ ಆಸ್ಪತ್ರೆಯ ನರರೋಗ ತಜ್ಞರಾದ ಡಾ. ಸುಧೀರ್ ಕುಮಾರ್ ಅವರು ತಮ್ಮ ಬಳಿಗೆ ಬಂದ ಒಬ್ಬ ರೋಗಿಯ ವಿಷಯವನ್ನು ಟ್ವಿಟರಿನಲ್ಲಿ ಬರೆದರು. ಮೂವತ್ತು ವಯಸ್ಸಿನ ಹೆಣ್ಣುಮಗಳು. ಒಂದೂವರೆ ವರ್ಷದಿಂದ ಅವರ ಕಣ್ಣ ಮುಂದೆ ಚುಕ್ಕೆಗಳು ತೇಲಾಡುತ್ತಿದ್ದವು, ಮಿಂಚಿನಂಥ ಬೆಳಕು ಹೊಳೆಯುತ್ತಿತ್ತು, ಅಂಕುಡೊಂಕಾದ ಕಪ್ಪು ಗೆರೆಗಳು ಸುಳಿಯುತ್ತಿದ್ದವು. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಕೆಲವು ಸಲ ಹಲವು ಸೆಕೆಂಡುಗಳ ಕಾಲ ಏನೂ ಕಾಣದಂತಾಗುತ್ತಿತ್ತು. ನೇತ್ರವೈದ್ಯರು ಪರೀಕ್ಷಿಸಿ ಕಣ್ಣಿನಲ್ಲಿ ದೋಷವಿಲ್ಲವೆಂದು ಹೇಳಿ, ನರಗಳ ತೊಂದರೆ ಇರಬಹುದೇ ಎಂದು ನೋಡಲು ಇವರ ಬಳಿಗೆ ಕಳಿಸಿದ್ದರು. ದಿನಚರಿ ವಿಚಾರಿಸಿದಾಗ ವಿಷಯ ಹೊರಬಿತ್ತು. ಮಗುವಿನ ಆರೈಕೆಗಾಗಿ ಕೆಲಸ ಬಿಟ್ಟು ಮನೆಯಲ್ಲಿ ನಿಂತ ಮೇಲೆ ಅವರಿಗೆ ದಿನಕ್ಕೆ ಹಲವು ತಾಸು ಮೊಬೈಲು ನೋಡುವ ರೂಢಿಯಾಗಿತ್ತು. ಅದರಲ್ಲಿ ಎರಡು ತಾಸಿಗೂ ಹೆಚ್ಚು ಸಮಯ ರಾತ್ರಿ, ದೀಪ ಆರಿಸಿದ ಮೇಲೆ. ವೈದ್ಯರು ಮತ್ತೆ ಪರೀಕ್ಷೆಗಳನ್ನು ಬರೆಯಲಿಲ್ಲ, ಔಷಧವನ್ನೂ ಕೊಡಲಿಲ್ಲ. ಮೊಬೈಲಿನ ಬಳಕೆಯನ್ನು ಕಡಮೆ ಮಾಡಲು ಹೇಳಿದರು. ತಿಂಗಳು ಕಳೆದು ಬಂದಾಗ ತೊಂದರೆ ಪೂರ್ತಿ ಹೋಗಿತ್ತು.

ಈ ಸುದ್ದಿ ವಾಟ್ಸಾಪಿನಲ್ಲಿ ಬಾಯಿಂದ ಬಾಯಿಗೆ ಹೋಗುವಾಗ "ಹೈದರಾಬಾದಿನಲ್ಲಿ ಮೊಬೈಲು ನೋಡಿ ಹೆಂಗಸಿನ ಕಣ್ಣೇ ಹೋಯಿತು" ಎಂಬುದಷ್ಟೇ ಉಳಿಯಿತು. ತಿಂಗಳಲ್ಲಿ ಗುಣವಾಯಿತು ಎಂಬ ಅರ್ಧ ಬಿಟ್ಟುಹೋಯಿತು. ಕಣ್ಣಿನ ವೈದ್ಯರು ಮೊದಲೇ ನೋಡಿ ರೋಗವಿಲ್ಲವೆಂದು ಖಚಿತ ಮಾಡಿದ್ದರು ಎಂಬ ಮುಖ್ಯ ಮಾತೂ ಬಿಟ್ಟುಹೋಯಿತು. ಅರ್ಧ ಸುದ್ದಿಯಿಂದ ಕೆಲವರು ಸುಮ್ಮನೆ ಹೆದರಿದರು, ಇನ್ನು ಕೆಲವರು ಸುಳ್ಳೆಂದು ನಕ್ಕು ಬಿಟ್ಟರು.

ಇದನ್ನು ಹೋಲುವ ಇನ್ನೊಂದು ಸಂಗತಿ ಲಂಡನ್ನಿನದು. 2016ರಲ್ಲಿ ಅಲ್ಲಿಯ ವೈದ್ಯರು ಇಬ್ಬರು ಹೆಂಗಸರ ವಿಷಯವನ್ನು ಪ್ರಕಟಿಸಿದರು. ಇಬ್ಬರಿಗೂ ಆಗಾಗ್ಗೆ ಒಂದೇ ಕಣ್ಣು ಸ್ವಲ್ಪ ಹೊತ್ತು ಕಾಣದಂತಾಗುತ್ತಿತ್ತು. ಒಬ್ಬರಿಗಂತೂ ಹದಿನೈದು ನಿಮಿಷದವರೆಗೆ. ಎಷ್ಟು ಪರೀಕ್ಷೆ ಮಾಡಿದರೂ ಕಾರಣ ಸಿಗಲಿಲ್ಲ. ಕೊನೆಗೆ, ಇದು ಆಗುವಾಗ ನೀವು ಏನು ಮಾಡುತ್ತಿರುತ್ತೀರಿ ಎಂದು ಕೇಳಿದರು. ಇಬ್ಬರೂ ಕತ್ತಲೆಯಲ್ಲಿ ಮಗ್ಗುಲಾಗಿ ಮಲಗಿ ಮೊಬೈಲು ನೋಡುತ್ತಿದ್ದರು. ಒಂದು ಕಣ್ಣು ದಿಂಬಿನಲ್ಲಿ ಹುದುಗಿ ಕತ್ತಲೆಗೆ ಒಗ್ಗಿರುತ್ತಿತ್ತು, ಇನ್ನೊಂದು ಪರದೆಯ ಬೆಳಕಿಗೆ ಒಗ್ಗಿರುತ್ತಿತ್ತು. ಮೊಬೈಲು ಆರಿಸಿದ ಕೂಡಲೆ ಬೆಳಕಿನ ಕಣ್ಣಿಗೆ ಕತ್ತಲೆಯಲ್ಲಿ ಏನೂ ಕಾಣದು. ಅದು ಕುರುಡಾಯಿತೆಂದು ಇವರು ಗಾಬರಿಯಾಗುತ್ತಿದ್ದರು.

ಇದು ನಮಗೆ ಹೊಸದೇನಲ್ಲ. ಉರಿಬಿಸಿಲಿನಲ್ಲಿ ನಡೆದು ಬಂದು ಮ್ಯಾಟಿನಿ ಆಟಕ್ಕೆ ಚಿತ್ರಮಂದಿರದ ಒಳಗೆ ಕಾಲಿಟ್ಟಾಗ ಕುರ್ಚಿ ತಡವರಿಸಿ ಹುಡುಕುವುದಿಲ್ಲವೇ? ಕಣ್ಣಿನ ಒಳಪರದೆಯಲ್ಲಿ ಒಂದು ಬಗೆಯ ಬಣ್ಣದ ಪದಾರ್ಥ ಇದೆ. ಬೆಳಕು ಬಿದ್ದಾಗ ಅದು ಮಾಸುತ್ತದೆ, ಕತ್ತಲೆಯಲ್ಲಿ ಮೆಲ್ಲಗೆ ಮತ್ತೆ ಕೂಡುತ್ತದೆ. ಪೂರ್ತಿ ಕೂಡಲು ಅರ್ಧ ತಾಸಿನಷ್ಟು ಬೇಕು. ಈ ಪದಾರ್ಥ ತಯಾರಾಗುವುದಕ್ಕೆ 'ಎ' ಜೀವಸತ್ವ ಬೇಕು. ಅದು ಸಾಲದೆ ಹೋದರೆ ಇರುಳುಗುರುಡು ಬರುತ್ತದೆ. ನಮ್ಮ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧನೆಯಿಂದಲೇ 1970ರಲ್ಲಿ ದೇಶದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವವನ್ನು ಬಾಯಲ್ಲಿ ಹಾಕುವ ಯೋಜನೆ ಹುಟ್ಟಿತೆಂಬುದನ್ನು ಇಲ್ಲಿಯವರೇ ಅನೇಕರು ಅರಿಯರು. ಅದು ಬೇರೆ ರೋಗ, ಮೊಬೈಲಿಗೂ ಅದಕ್ಕೂ ಸಂಬಂಧವಿಲ್ಲ. ಮಾತು ಬಂದುದರಿಂದ ಹೇಳಿದೆವು.

ಹಾಗಾದರೆ ಮೊಬೈಲಿನ ಬೆಳಕು ಕಣ್ಣಿನ ಒಳಪರದೆಯನ್ನು ಸುಡುತ್ತದೆಯೇ? ಸುಡುವುದಿಲ್ಲ. ಹೊರಗಿನ ಹಗಲಿನ ಮುಂದೆ ಪರದೆಯ ಬೆಳಕು ಏನೂ ಅಲ್ಲ. ಕಣ್ಣುರಿಗೆ ಕಾರಣ ಇನ್ನೂ ಸರಳವಾದದ್ದು: ನಾವು ರೆಪ್ಪೆ ಬಡಿಯುವುದನ್ನು ಮರೆಯುತ್ತೇವೆ. 1993ರಲ್ಲಿ ಜಪಾನಿನ ಇಬ್ಬರು ವೈದ್ಯರು 104 ಮಂದಿ ಕಚೇರಿ ನೌಕರರ ರೆಪ್ಪೆಯ ಬಡಿತವನ್ನು ಎಣಿಸಿದರು. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸರಾಸರಿ 22 ಸಲ. ಮೇಜಿನ ಮೇಲೆ ಪುಸ್ತಕ ಓದುವಾಗ 10 ಸಲ. ಕಂಪ್ಯೂಟರ್ ಪರದೆ ನೋಡುವಾಗ 7 ಸಲ. ಒಂದೊಂದು ಬಡಿತವೂ ಕಣ್ಣಿನ ಮೇಲೆ ನೀರಿನ ತೆಳುವಾದ ಪೊರೆಯನ್ನು ಬಳಿಯುತ್ತದೆ. ಬಡಿತ ತಪ್ಪಿದರೆ ಪೊರೆ ಆರುತ್ತದೆ, ಕಣ್ಣು ಚುಚ್ಚುತ್ತದೆ. ನಮ್ಮ ಖೋಲಿಗಳಲ್ಲಿ ಮಲಗಿದವನ ಮುಖಕ್ಕೆ ನೇರವಾಗಿ ಬೀಸುವ ಫ್ಯಾನು, ಬೇಸಗೆಯಲ್ಲಿ ಕೂಲರು. ಇವು ಕೂಡಿದರೆ ಕೇಳಬೇಕಾದದ್ದೇ ಇಲ್ಲ. ಫ್ಯಾನಿನ ಗಾಳಿ ಮುಖಕ್ಕೆ ಬೀಳದ ಹಾಗೆ ತಲೆದಿಂಬಿನ ದಿಕ್ಕು ಬದಲಿಸಿದರೆ ಕಾಸು ಖರ್ಚಿಲ್ಲದೆ ಅರ್ಧ ಉರಿ ತಗ್ಗುವುದುಂಟು.

ಎರಡನೆಯದು, ಹತ್ತಿರದ ನೋಟ. ಹತ್ತಿರದ್ದನ್ನು ನೋಡಲು ಕಣ್ಣಿನೊಳಗಿನ ಸ್ನಾಯು ಬಿಗಿಯಬೇಕು. ತಾಸುಗಟ್ಟಲೆ ಬಿಗಿದಿದ್ದರೆ, ಮೂಟೆ ಎತ್ತಿ ನಿಂತವನ ತೋಳಿನ ಹಾಗೆ ಅದೂ ಸೋಲುತ್ತದೆ. ಇದಕ್ಕೆ ವೈದ್ಯರು ಒಂದು ಸೂತ್ರ ಹೇಳುತ್ತಾರೆ: ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಇಪ್ಪತ್ತು ಅಡಿ ಉದ್ದದ ಖೋಲಿ ನಮ್ಮಲ್ಲಿ ಯಾರಿಗಿದೆ ಎಂದು ನೀವು ಕೇಳಬಹುದು. ಬಾಗಿಲಿಗೆ ಬಂದು ಎದುರು ಕಟ್ಟಡದ ನೀರಿನ ಟಾಂಕಿಯನ್ನು ನೋಡಿದರೂ ಆದೀತು. ಮೊಬೈಲನ್ನು ಮುಖಕ್ಕೆ ಅಂಟಿಸದೆ ಮೊಳದ ದೂರಕ್ಕಿಂತ ಕಡಮೆಯಾಗದಂತೆ ಹಿಡಿಯಬೇಕು. ಅಕ್ಷರ ಸಣ್ಣದಾದರೆ ಮೊಬೈಲನ್ನು ಹತ್ತಿರ ತರುವ ಬದಲು ಅಕ್ಷರವನ್ನೇ ದೊಡ್ಡದು ಮಾಡಿಕೊಳ್ಳುವ ಏರ್ಪಾಟು ಎಲ್ಲ ಮೊಬೈಲಿನಲ್ಲಿಯೂ ಇದೆ. ಹಾಗೂ, ದೀಪ ಆರಿಸಿ ನೋಡಕೂಡದು. ಕತ್ತಲೆಯ ನಡುವೆ ಉರಿಯುವ ಒಂದು ಚೌಕವನ್ನು ನೋಡುವುದಕ್ಕಿಂತ, ಮೂಲೆಯಲ್ಲಿ ಒಂದು ಸಣ್ಣ ದೀಪ ಇದ್ದು ಪರದೆಯ ಬೆಳಕನ್ನು ಅದಕ್ಕೆ ಸರಿಯಾಗಿ ತಗ್ಗಿಸಿಕೊಂಡರೆ ಕಣ್ಣಿಗೆ ಹಿತ.

ನಲವತ್ತರ ಆಚೀಚೆ ಇರುವ ಅಣ್ಣಂದಿರಿಗೆ ಒಂದು ಮಾತು. ಕೆಲವರು ಮೊಬೈಲನ್ನು ತೋಳಿನುದ್ದ ದೂರ ಹಿಡಿದು, "ಈ ಹಾಳು ಮೊಬೈಲಿನಿಂದ ನನ್ನ ಕಣ್ಣು ಕೆಟ್ಟಿತು" ಎನ್ನುತ್ತಾರೆ. ಅದು ಮೊಬೈಲಿನ ತಪ್ಪಲ್ಲ, ಚಾಳೀಸು. ಮೊಬೈಲು ಹುಟ್ಟುವುದಕ್ಕೆ ಮುಂಚೆ ನಮ್ಮ ಅಜ್ಜಂದಿರೂ ಪಂಚಾಂಗವನ್ನು ಹಾಗೆಯೇ ದೂರ ಹಿಡಿದು ಓದುತ್ತಿದ್ದರು. ಓದುವ ಕನ್ನಡಕ ಹಾಕಿಕೊಂಡರೆ ತೀರಿತು. ನಾಚಿಕೊಂಡು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಸಂಜೆಗೆ ತಲೆನೋವು ತಪ್ಪದು.

ಕನ್ನಡಕವೆಂದಾಗ ಹಣದ ಮಾತು ಬರುತ್ತದೆ. ಅಂಗಡಿಗಳಲ್ಲಿ "ನೀಲಿ ಬೆಳಕು ತಡೆಯುವ ಗಾಜು" ಎಂದು ಹೇಳಿ ಹೆಚ್ಚಿನ ಬೆಲೆ ಕೇಳುತ್ತಾರೆ. 2023ರಲ್ಲಿ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ಆರು ದೇಶಗಳಲ್ಲಿ ನಡೆದ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಕಂಪ್ಯೂಟರ್ ಕೆಲಸದಿಂದ ಬರುವ ಕಣ್ಣಿನ ಆಯಾಸವನ್ನು ಈ ಗಾಜುಗಳು ಸಾಧಾರಣ ಗಾಜಿಗಿಂತ ಹೆಚ್ಚು ತಗ್ಗಿಸುವಂತೆ ತೋರಲಿಲ್ಲ. ನಿದ್ದೆಯ ವಿಷಯದಲ್ಲಿಯೂ ಖಚಿತವಾದ ಲಾಭ ಕಾಣಲಿಲ್ಲ. ಪಗಾರದ ಹಣವನ್ನು ಇದರ ಮೇಲೆ ಹಾಕಬೇಡಿರಿ ಎಂಬುದು ನಮ್ಮ ಅಭಿಪ್ರಾಯ. ಹಾಗೆಯೇ ಔಷಧದಂಗಡಿಯಲ್ಲಿ "ಕಣ್ಣು ಕೆಂಪಾಗಿದೆ, ಹನಿ ಕೊಡಿ" ಎಂದು ಕೇಳಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವುದು ಅಪಾಯ. ಕೆಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಕೆಂಪು ಕೂಡಲೆ ಇಳಿಯುತ್ತದೆ, ಆದರೆ ಒಳಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬಂದು ದೃಷ್ಟಿ ಹೋಗಬಹುದು. ಮೊಬೈಲಿನಿಂದ ಹೋಗದ ಕಣ್ಣು ಇಂಥ ಹನಿಯಿಂದ ಹೋದೀತು.

ಇನ್ನು ನಿದ್ದೆಯ ವಿಚಾರ. ನಮ್ಮ ಮಟ್ಟಿಗೆ ಕಣ್ಣುರಿಗಿಂತ ಇದೇ ದೊಡ್ಡ ನಷ್ಟ.

ಕಣ್ಣು ಬರಿಯ ನೋಡುವ ಅಂಗವಲ್ಲ. ಹೊತ್ತನ್ನು ತಿಳಿಸುವ ಅಂಗವೂ ಹೌದು. ಮಿದುಳಿನೊಳಗೆ ಒಂದು ಗಡಿಯಾರವಿದೆ. ಕತ್ತಲಾಗುತ್ತಲೇ ಅದರ ಅಪ್ಪಣೆಯಂತೆ ಪೀನಿಯಲ್ ಎಂಬ ಚಿಕ್ಕ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಈ ರಸವನ್ನು 1958ರಲ್ಲಿ ಅಮೆರಿಕದ ಏರನ್ ಲರ್ನರ್ ಎಂಬವರು ಮೊದಲು ಬೇರ್ಪಡಿಸಿದರು. ರಾತ್ರಿಯಾಯಿತು, ಮೈಯನ್ನು ನಿದ್ದೆಗೆ ಸಿದ್ಧಮಾಡು ಎಂಬ ಡಂಗುರ ಇದು. 2002ರಲ್ಲಿ ಅಮೆರಿಕದ ವಿಜ್ಞಾನಿಗಳು ಕಣ್ಣಿನ ಒಳಪರದೆಯಲ್ಲಿ ಬೇರೆಯೇ ಒಂದು ಜಾತಿಯ ಕಣಗಳನ್ನು ಕಂಡರು. ಅವುಗಳ ಮುಖ್ಯ ಕೆಲಸ ಚಿತ್ರ ನೋಡುವುದಲ್ಲ. ಬೆಳಕಿದೆಯೇ ಇಲ್ಲವೇ ಎಂದು ಗಡಿಯಾರಕ್ಕೆ ವರದಿ ಒಪ್ಪಿಸುವುದು. ಹಗಲಿನ ಆಕಾಶದಲ್ಲಿ ಹೇರಳವಾಗಿರುವ ನೀಲಿ ಬೆಳಕಿಗೆ ಅವು ಬೇಗ ಎಚ್ಚರಗೊಳ್ಳುತ್ತವೆ. ಮೊಬೈಲಿನ ಬಿಳಿ ಪರದೆಯಲ್ಲಿಯೂ ನೀಲಿ ಬೆರೆತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಅದನ್ನು ಕಂಡ ಕಣಗಳು "ಇನ್ನೂ ಹಗಲು" ಎಂದು ಸುಳ್ಳು ವರದಿ ಕಳಿಸುತ್ತವೆ, ಡಂಗುರ ತಡವಾಗುತ್ತದೆ.

ಎಷ್ಟು ತಡ? ಇದನ್ನು ಬೋಸ್ಟನ್ನಿನಲ್ಲಿ ಅಳೆದು ನೋಡಿದ್ದಾರೆ. 2014ರ ಕೊನೆಯಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹನ್ನೆರಡು ಮಂದಿಯನ್ನು ಎರಡು ವಾರ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡರು. ಐದು ರಾತ್ರಿ ಮಲಗುವ ಮುನ್ನ ನಾಲ್ಕು ತಾಸು ಬೆಳಗುವ ಪರದೆಯ ಮೇಲೆ ಓದಿಸಿದರು, ಐದು ರಾತ್ರಿ ಅಷ್ಟೇ ಹೊತ್ತು ಮಂದ ದೀಪದಲ್ಲಿ ಅಚ್ಚಿನ ಪುಸ್ತಕ ಓದಿಸಿದರು. ಪರದೆಯ ರಾತ್ರಿಗಳಲ್ಲಿ ಮೆಲಟೋನಿನ್ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಮೈಯ ಗಡಿಯಾರ ಒಂದೂವರೆ ತಾಸು ಹಿಂದೆ ಬಿತ್ತು. ಬೆಳಿಗ್ಗೆ ಎದ್ದ ಮೇಲೂ ಮಂಪರು ಹೋಗಲು ಹೆಚ್ಚು ಹೊತ್ತು ಹಿಡಿಯಿತು. ಆದರೆ ನಿದ್ದೆ ಹತ್ತುವುದು ತಡವಾದದ್ದು ಎಷ್ಟೆಂದರೆ, ಸುಮಾರು ಹತ್ತು ನಿಮಿಷ ಮಾತ್ರ!

ಈ ಹತ್ತು ನಿಮಿಷದ ಲೆಕ್ಕವನ್ನು ವಾಚಕರು ಗಮನಿಸಬೇಕು. ನಾವು ಕಳೆದುಕೊಳ್ಳುತ್ತಿರುವುದು ಹತ್ತು ನಿಮಿಷವಲ್ಲ, ಎರಡು ತಾಸು. ಮಿಕ್ಕ ಹೊತ್ತನ್ನು ಕದ್ದವನು ಬೆಳಕಲ್ಲ, ಪರದೆಯ ಒಳಗಿನ ಆಟ. ಒಂದು ರೀಲು ಮುಗಿಯುತ್ತಲೇ ಇನ್ನೊಂದು ತಾನಾಗಿಯೇ ಬರುತ್ತದೆ. ಕ್ರಿಕೆಟ್ಟು, ಜಗಳ, ಸಾಲದ ಜಾಹೀರಾತು, ಊರಿನ ಗುಂಪಿನಲ್ಲಿ ಯಾರೋ ಹಾಕಿದ ಮಾತು. ಇವು ಮನಸ್ಸನ್ನು ಕೆದಕುತ್ತವೆ. ಪರದೆಯನ್ನು ಹಳದಿ ಮಾಡುವ ಏರ್ಪಾಟಿನಿಂದ ಇದು ಸರಿಹೋಗುವುದಿಲ್ಲ. 2021ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದವರು 167 ಮಂದಿ ಯುವಕ ಯುವತಿಯರಲ್ಲಿ ನೋಡಿದಾಗ, ಹಳದಿ ಪರದೆ ಇಟ್ಟುಕೊಂಡವರಿಗೂ ಇಡದವರಿಗೂ ನಿದ್ದೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಳದಿ ಮಾಡಿಕೊಳ್ಳಿರಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ನಂಬಿ ಒಂದು ಗಂಟೆಯ ತನಕ ನೋಡಬಹುದೆಂದುಕೊಂಡರೆ ಮೋಸ.

ಬೆಳಕಿನ ವಿಷಯದಲ್ಲಿ ನಮಗೆ ಉಪಯೋಗವಾಗುವ ಇನ್ನೊಂದು ಸಂಗತಿ ಇದೆ. 2016ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಹದಿನಾಲ್ಕು ಮಂದಿಗೆ ಹಗಲು ಆರೂವರೆ ತಾಸು ಒಳ್ಳೆಯ ಬೆಳಕು ಕೊಟ್ಟು, ರಾತ್ರಿ ಎರಡು ತಾಸು ಟ್ಯಾಬ್ಲೆಟ್ಟಿನಲ್ಲಿ ಓದಿಸಿದರು. ಆಗ ಮೆಲಟೋನಿನ್ ತಗ್ಗಲೇ ಇಲ್ಲ. ಹಗಲು ಬೆಳಕು ಉಂಡ ಕಣ್ಣು ರಾತ್ರಿಯ ಸಣ್ಣ ಬೆಳಕಿಗೆ ಮೋಸಹೋಗದು ಎಂದು ಇದರಿಂದ ತಿಳಿಯಬಹುದು. ಗಿರಣಿಯ ಒಳಗೆ, ಗೋದಾಮಿನಲ್ಲಿ, ಕಿಟಕಿಯಿಲ್ಲದ ಕಚೇರಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ದಿನವಿಡೀ ಕಳೆಯುವವರು ಮಧ್ಯಾಹ್ನದ ಬುತ್ತಿಯನ್ನು ಹೊರಗೆ ಮರದ ನೆರಳಿನಲ್ಲಿ ಕುಳಿತು ಉಣ್ಣುವುದು ಒಳ್ಳೆಯದು. ನೆರಳಿನಲ್ಲಿಯೂ ಒಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿರುತ್ತದೆ.

ನಿದ್ದೆಗೆಟ್ಟರೆ ಏನಾದೀತು, ಮರುದಿನ ಎರಡು ಚಹಾ ಕುಡಿದರಾಯಿತು ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇವೆ. 1997ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಹದಿನೇಳು ತಾಸು ಎಚ್ಚರವಾಗಿದ್ದವರ ಕೈಚಳಕವನ್ನು ಅಳೆದರು. ಅದು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯವಿರುವವನ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದ ಮೋಟಾರು ಕಾನೂನು 30 ಮಿ.ಗ್ರಾಂ ದಾಟಿದವನನ್ನೇ ಕುಡಿದವನೆಂದು ಹಿಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದವನಿಗೆ ರಾತ್ರಿ ಹನ್ನೊಂದಕ್ಕೆ ಹದಿನೇಳು ತಾಸು ತುಂಬುತ್ತದೆ. ಬೆಳೆದವರಿಗೆ ದಿನಕ್ಕೆ ಏಳು ತಾಸಾದರೂ ನಿದ್ದೆ ಬೇಕು. ಐದು ತಾಸಿನಲ್ಲಿ ಎದ್ದು ಬಂದವನು ತಿರುಗುವ ಪಟ್ಟಿಯ ಹತ್ತಿರ ಕೈ ಇಡುತ್ತಾನೆ, ಇಲ್ಲವೇ ಮುಂಜಾನೆ ಹೆದ್ದಾರಿಯಲ್ಲಿ ಗಾಡಿ ಓಡಿಸುತ್ತಾನೆ. ನಮ್ಮಂಥ ಗುಮಾಸ್ತರ ನಷ್ಟ ಕೂಡಿಸುವುದರಲ್ಲಿ ಒಂದು ಸೊನ್ನೆ ತಪ್ಪುವುದು. ಅವರದು ಬೆರಳು, ಕೆಲವೊಮ್ಮೆ ಪ್ರಾಣ.

ಹಾಗಾದರೆ ಏನು ಮಾಡಬೇಕು? ಊರಿಗೆ ಮಾಡುವ ಕರೆಯನ್ನು ಬಿಡಬೇಡಿರಿ. ಅದನ್ನು ಊಟಕ್ಕೆ ಮುಂಚೆಯೋ ಊಟವಾದ ಕೂಡಲೆಯೋ ಇಟ್ಟುಕೊಳ್ಳಿರಿ. ಮನೆಯವರಿಗೂ ಹೊತ್ತು ಗೊತ್ತಿದ್ದರೆ ಅವರೂ ಕಾಯ್ದಿರುತ್ತಾರೆ. ಕರೆಯನ್ನು ಮುಗಿಸಿದ ಮೇಲೆ ಅದೇ ಕೈಯಲ್ಲಿ ರೀಲು ತೆರೆಯುವುದರಲ್ಲಿಯೇ ಗುಟ್ಟಿದೆ. ಆದ್ದರಿಂದ ಕರೆ ಮುಗಿಯುತ್ತಲೇ ಮೊಬೈಲನ್ನು ಹಾಸಿಗೆಯಿಂದ ಎದ್ದು ಹೋಗಬೇಕಾದಷ್ಟು ದೂರದಲ್ಲಿ ಚಾರ್ಜಿಗೆ ಹಾಕಿರಿ. "ರಾತ್ರಿ ಊರಿನಿಂದ ತುರ್ತು ಕರೆ ಬಂದರೆ?" ಎಂದು ಅನೇಕರು ಕೇಳುತ್ತಾರೆ. ಇದು ನ್ಯಾಯವಾದ ಅಂಜಿಕೆ. ಊರಲ್ಲಿ ವಯಸ್ಸಾದವರಿರುವಾಗ ಮೊಬೈಲು ಆರಿಸಿ ಮಲಗಲು ಮನಸ್ಸು ಬರುವುದಿಲ್ಲ. ಆದರೆ ಈಗಿನ ಮೊಬೈಲುಗಳಲ್ಲಿ 'ಡು ನಾಟ್ ಡಿಸ್ಟರ್ಬ್' ಎಂಬ ಏರ್ಪಾಟಿದೆ. ಅದರಲ್ಲಿ ತಂದೆ, ತಾಯಿ, ಹೆಂಡತಿ, ಅಣ್ಣ ಹೀಗೆ ನಾಲ್ಕು ಹೆಸರನ್ನು ಆರಿಸಿಟ್ಟರೆ ಅವರ ಕರೆ ಮಾತ್ರ ಗಂಟೆ ಹೊಡೆಯುತ್ತದೆ, ಮಿಕ್ಕದ್ದೆಲ್ಲ ಬೆಳಗಿನವರೆಗೆ ಮೌನ. ಹೊಂದಿಸಲು ಬಾರದವರು ರವಿವಾರ ವಾಚನಾಲಯಕ್ಕೆ ಬಂದರೆ ತೋರಿಸಿಕೊಡುತ್ತೇವೆ. ಬೆಳಿಗ್ಗೆ ಏಳುವುದಕ್ಕೆ ಮೊಬೈಲೇ ಬೇಕೆನ್ನುವವರು ಸುಲ್ತಾನ್ ಬಜಾರಿನ ಕಡೆ ಹೋದಾಗ ಒಂದು ಅಲಾರಂ ಗಡಿಯಾರ ಕೊಂಡರಾಯಿತು.

ಮಲಗುವ ಮುಂಚಿನ ಆ ಒಂದು ತಾಸು ಬರಿದಾಗಿ ಉಳಿದರೆ ಕೈ ಮತ್ತೆ ಮೊಬೈಲಿಗೇ ಹೋಗುತ್ತದೆ. ಬೋಸ್ಟನ್ನಿನವರು ಓದಿಸಿದಂತೆ ಒಂದು ಅಚ್ಚಿನ ಪುಸ್ತಕ ಇದ್ದರೆ ಆ ಹೊತ್ತು ತುಂಬುತ್ತದೆ. ಇದು ನಮ್ಮ ಅಂಗಡಿಯ ಜಾಹೀರಾತೆಂದು ಕೆಲವರು ನಗಬಹುದು. ಅಂಗಡಿಯಲ್ಲಿ ಸರಕಿಗೆ ಬೆಲೆಯಿಲ್ಲವಾದ್ದರಿಂದ ನಕ್ಕರೂ ಚಿಂತೆಯಿಲ್ಲ. ಖೋಲಿಯಲ್ಲಿ ಕೂಡಿ ಇರುವವರು ಒಟ್ಟಿಗೆ ಗೊತ್ತುಮಾಡಿಕೊಂಡರೆ ಇನ್ನೂ ಸುಲಭ. ಒಬ್ಬನ ಪರದೆಯ ಬೆಳಕೂ ಸದ್ದೂ ಉಳಿದ ನಾಲ್ವರ ನಿದ್ದೆಯನ್ನು ಕೆಡಿಸುತ್ತದೆ, ಹೇಳಲು ಸಂಕೋಚಪಟ್ಟು ಅವರು ಸುಮ್ಮನಿರುತ್ತಾರೆ.

ರಾತ್ರಿ ಪಾಳಿಯವರಿಗೆ ಇದೇ ನಿಯಮವನ್ನು ತಿರುಗಿಸಿ ಇಟ್ಟುಕೊಳ್ಳಬೇಕಾಗುತ್ತದೆ. ಅವರ ರಾತ್ರಿ ಬೆಳಿಗ್ಗೆ ಎಂಟಕ್ಕೆ ಆರಂಭವಾಗುತ್ತದೆ. ಕಿಟಕಿಗೆ ದಪ್ಪನೆಯ ಕಂಬಳಿ ಕಟ್ಟಿ, ಮೊಬೈಲನ್ನು ಆಚೆ ಇಟ್ಟು ಮಲಗಬೇಕು. ಊರಿನ ಕರೆಯನ್ನು ಸಂಜೆ ಎದ್ದ ಮೇಲೆ, ಕೆಲಸಕ್ಕೆ ಹೊರಡುವ ಮುಂಚೆ ಮಾಡಬಹುದು.

ಕಡೆಯದಾಗಿ ವೈದ್ಯರ ಬಳಿಗೆ ಯಾವಾಗ ಹೋಗಬೇಕೆಂಬುದು. ಮೊದಲು ಹೇಳಿದ ಹೆಣ್ಣುಮಗಳಿಗೆ ಕಂಡ ತೇಲುವ ಚುಕ್ಕೆ, ಮಿಂಚು ಇವೇ ಲಕ್ಷಣಗಳು ಕಣ್ಣಿನ ಒಳಪರದೆ ಹರಿದು ಕಳಚುವಾಗಲೂ ಕಾಣುತ್ತವೆ. ಒಮ್ಮೆಲೇ ಚುಕ್ಕೆಗಳ ಮಳೆ ಬಿದ್ದಂತಾದರೆ, ನೋಟದ ಒಂದು ಬದಿಗೆ ಪರದೆ ಇಳಿದಂತಾದರೆ, ಕಣ್ಣು ಕೆಂಪಾಗಿ ಬಹಳ ನೋಯುತ್ತ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಮೊಬೈಲಿನಿಂದ ಆಗಿರಬೇಕೆಂದು ಮನೆಯಲ್ಲಿ ಕೂಡಕೂಡದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ತೋರಿಸತಕ್ಕದ್ದು. ಮೆಹದಿಪಟ್ಟಣದಲ್ಲಿ ಸರ್ಕಾರದ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆ ಇದೆ. ಬಂಜಾರಾ ಹಿಲ್ಸ್‌ನಲ್ಲಿ 1987ರಲ್ಲಿ ಆರಂಭವಾದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಹಣ ಕೊಡಲಾರದವರಿಗೂ ಚಿಕಿತ್ಸೆ ಇದೆ. ತೆಲುಗು ಬಾರದೆಂದು ಹಿಂಜರಿಯುವ ಹೊಸಬರು ಹಿಂದಿನ ದಿನ ಸಂಜೆ ವಾಚನಾಲಯದಲ್ಲಿ ತಿಳಿಸಿದರೆ, ನಮ್ಮ ಸ್ವಯಂಸೇವಕರಲ್ಲಿ ಪಾಳಿ ಇಲ್ಲದವರೊಬ್ಬರು ಜೊತೆಗೆ ಬರುತ್ತಾರೆ.